ಹಸಿರು ದೀಪದ ಪಾಯಸ

ಮನುಷ್ಯ ಬಾಯಲ್ಲಿ ಸುಳ್ಳು ಹೇಳಬಹುದು, ಮೂತ್ರದಲ್ಲಿ ಹೇಳಲಾರ ಎಂದು ಡಾಕ್ಟರ್ ಶ್ರೀಪಾದರು ವೇದಿಕೆಯ ಮೇಲೆ ನಿಂತು ಸಾರಿದಾಗ ಶಿಂಷಾಪುರದ ಪುರಭವನದಲ್ಲಿ ಚಪ್ಪಾಳೆಯೋ ಚಪ್ಪಾಳೆ. ತೂಕಡಿಸುತ್ತಿದ್ದ ಮಂತ್ರಿಗಳು ಬೆಚ್ಚಿಬಿದ್ದು ತಾವೂ ಎರಡು ತಟ್ಟಿದರು. ಮೂರನೇ ಸಾಲಿನಲ್ಲಿ ಕೂತಿದ್ದ ಕುಮುದಳೂ ತಟ್ಟಿದಳು. ಅಂದು ಉದ್ಘಾಟನೆಯಾದ ಯಂತ್ರದ ಹಿಂದಿನ ದುಡಿಮೆ ಅವಳದು, ಹೆಸರು ಶ್ರೀಪಾದ ಸಾಹೇಬರದು. ಇದೇನು ಹೊಸದಲ್ಲವಾದ್ದರಿಂದ ಅವಳು ಮುಖ ಊದಿಸಿಕೊಂಡಿರಲಿಲ್ಲ.

ಕುಮುದ ನಗರದ ಕೊಳಚೆನೀರು ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ಹಿರಿಯ ರಸಾಯನ ತಜ್ಞೆ. ಊರಿನ ಕಕ್ಕಸು, ಬಚ್ಚಲು, ಅಡುಗೆಮನೆಗಳಿಂದ ಹೊರಟ ನೀರೆಲ್ಲ ಕೊನೆಗೆ ಬಂದು ಸೇರುವುದು ಅಲ್ಲಿಗೆ. ದೇಹ ತನಗೆ ಬೇಡವಾದ್ದನ್ನು ಹೊರಗೆ ಹಾಕುತ್ತದೆ. ಹಾಕುವಾಗ ತಿಂದದ್ದರ ಗುರುತನ್ನೂ ಜೊತೆಗೇ ಕಳಿಸುತ್ತದೆ. ಮೊದಲೆಲ್ಲ ಕುಮುದ ದೊಡ್ಡ ಕೊಳವೆಯ ಬಾಯಿಂದ ಒಂದು ಬಾಟಲಿ ನೀರು ಹಿಡಿದು, ಊರು ಒಟ್ಟಾರೆ ಎಷ್ಟು ಗಾಂಜಾ ಸೇದಿದೆ, ಎಷ್ಟು ಬ್ರೌನ್ ಶುಗರ್ ಎಳೆದಿದೆ ಎಂದು ಅಳೆಯುತ್ತಿದ್ದಳು. ಎಲ್ಲರ ನೀರೂ ಒಂದೇ ಬಾಟಲಿಯಲ್ಲಿ ಕಲೆತಿದ್ದರಿಂದ ಯಾರ ಮಾನವೂ ಹೋಗುತ್ತಿರಲಿಲ್ಲ. ಅವಳ ಅಳತೆ ನೋಡಿಯೇ ಆಸ್ಪತ್ರೆಯಲ್ಲಿ ಚಟ ಬಿಡಿಸುವ ವಾರ್ಡು ತೆರೆದರು, ಎಷ್ಟೋ ತಾಯಂದಿರ ಮಕ್ಕಳು ಅಲ್ಲಿ ಬದುಕಿಕೊಂಡರು. ಆ ವಾರ್ಡಿನ ಮುಂದೆ ಹಾದುಹೋಗುವಾಗಲೆಲ್ಲ ಅವಳಿಗೆ ಒಳಗೊಳಗೇ ಹೆಮ್ಮೆ.

ಶ್ರೀಪಾದರು ಪ್ರಯೋಗಾಲಯಕ್ಕೆ ನಿರ್ದೇಶಕರಾಗಿ ಬಂದ ಮೇಲೆ ಬಾಟಲಿ ಸಾಲದಾಯಿತು. "ಊರಿಗೆ ಜ್ವರ ಬಂದಿದೆ ಅಂದ್ರೆ ಯಾರು ಕೇಳ್ತಾರೆ ಕುಮುದಾ ಅವರೇ? ಯಾವ ಬೀದಿಗೆ ಬಂದಿದೆ ಅಂತ ಹೇಳ್ಬೇಕು" ಎಂದರು. ಹಾಗೆ ಹುಟ್ಟಿದ್ದು ಮೂಗುತಿ. ಕಾಗದದ ಮೇಲೆ ಅದಕ್ಕೆ ಮಾರುದ್ದದ ಹೆಸರಿತ್ತು. ಮ್ಯಾನ್‌ಹೋಲ್ ಮುಚ್ಚಳದ ಕೆಳಗೆ ಅದನ್ನು ತೂಗುಹಾಕುತ್ತಿದ್ದ ಕೆಲಸಗಾರರು ಅದರ ಗಾತ್ರವನ್ನೂ ಹೊಳೆಯುವ ಹರಳನ್ನೂ ನೋಡಿ ಮೂಗುತಿ ಎಂದರು, ಅದೇ ನಿಂತಿತು. ಹರಳಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬೀಗಗಳು. ಒಂದೊಂದು ಮಾದಕ ವಸ್ತುವಿಗೆ ಒಂದೊಂದು ಬೀಗ. ಆ ವಸ್ತುವಿನ ಕಣ ಬಂದು ಬೀಗದಲ್ಲಿ ಕೂತರೆ ವಿದ್ಯುತ್ತು ಮಿಡಿಯುತ್ತದೆ. ಮಿಡಿತಗಳನ್ನು ಎಣಿಸಿ, ಬೀದಿಯ ತಲೆಗಳಿಗೆ ಹಂಚಿ, ಬೀದಿಯ ತುದಿಯ ಕಂಬದಲ್ಲಿರುವ ದೀಪಕ್ಕೆ ಬಣ್ಣ ಬರುತ್ತದೆ: ಹಸಿರು, ಹಳದಿ, ಕೆಂಪು.

ಎಷ್ಟಾದರೆ ಹಸಿರು, ಎಷ್ಟು ದಾಟಿದರೆ ಕೆಂಪು ಎಂದು ಗೆರೆ ಎಳೆಯಲು ಊರಿನ ಮಾಮೂಲಿ ದಿನಗಳ ಅಳತೆ ಬೇಕಿತ್ತು. ಅದನ್ನು ಆಷಾಢದಲ್ಲಿ ತೆಗೆದರು. ಆಷಾಢದಲ್ಲಿ ಉದ್ಘಾಟನೆಗೆ ಮಂತ್ರಿಗಳು ಬರುವುದಿಲ್ಲವೆಂದರು. ಹೇಗೂ ಕೈ ಖಾಲಿ ಇರುವ ತಿಂಗಳು, ಅಳತೆಯಾದರೂ ಮುಗಿಯಲಿ ಎಂದು ಶ್ರೀಪಾದರು ಹೇಳಿದರು. ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಕುಮುದಳಿಗೂ ಕಾಣಲಿಲ್ಲ.

ದೀಪಗಳು ಹತ್ತಿದ್ದು ಕಾರ್ತಿಕದಲ್ಲಿ. ಅವಕ್ಕೆ ಊರು ಒಗ್ಗಿಕೊಂಡ ಚಂದ ನೋಡಬೇಕಿತ್ತು! ಹೆಣ್ಣು ನೋಡಲು ಬಂದವರು ಮೊದಲು ಬೀದಿಯ ತುದಿಯಲ್ಲಿ ನಿಂತು ತಲೆಯೆತ್ತಿ ದೀಪ ನೋಡಿ ಆಮೇಲೆ ಒಳಗೆ ಕಾಲಿಟ್ಟರು. ಮನೆ ಬಾಡಿಗೆಗೆ ಇದೆ ಎಂಬ ಬೋರ್ಡಿನ ಕೆಳಗೆ 'ಹಸಿರು ಬೀದಿ' ಎಂದು ಬರೆಸಿದರು. ಹಳದಿ ಬೀದಿಯ ಜನ ನಂಟರ ಮನೆಗೆ ಹೋದಾಗ ಅವರ ಕಕ್ಕಸಿಗೆ ಹೋಗಿ ಬರಲು ನಾಚಿದರು, ನಂಟರೂ ಬಾಗಿಲ ಕಡೆಗೇ ಕಣ್ಣಿಟ್ಟರು. ನಿಜವಾಗಿ ಪುಡಿ ಮಾರುತ್ತಿದ್ದವರು ಮಾತ್ರ ತಮ್ಮ ಗಿರಾಕಿಗಳಿಗೆ ಬಸ್ ಸ್ಟ್ಯಾಂಡಿನ ಶೌಚಾಲಯದ ದಾರಿ ತೋರಿಸಿ ನೆಮ್ಮದಿಯಾಗಿದ್ದರು. ಬಸ್ ಸ್ಟ್ಯಾಂಡಿಗೆ ದೀಪ ಹಾಕಿರಲಿಲ್ಲ.

ಕೆಂಪು ಬಿದ್ದ ಬೀದಿಗೆ ಬೇರೆಯೇ ಕಾನೂನು. ತುದಿಯಲ್ಲಿ ಪೊಲೀಸ್ ಪೇದೆ, ಹುಡುಗರ ಚೀಲ ತಪಾಸಣೆ, ಮನೆಮನೆಗೆ ನುಗ್ಗುವ ತಂಡ. ಇವೆಲ್ಲದರ ಜೊತೆಗೆ ಔಷಧದಂಗಡಿಯ ಮೇಲೊಂದು ನಿಯಮ: ಕೆಂಪು ಬೀದಿಯವರಿಗೆ ಮಾರ್ಫಿನ್‌ನಂಥ ನೋವಿನ ಮಾತ್ರೆಯನ್ನು ಕೈಗೆ ಕೊಡುವ ಹಾಗಿಲ್ಲ. ಬೇಕಾದವರು ಆಸ್ಪತ್ರೆಗೆ ಹೋಗಿ ಸಿಬ್ಬಂದಿಯ ಎದುರು ನಿಂತು ನುಂಗಬೇಕು. ಬೀದಿ ಒಂದು ವಾರ ಸತತ ಹಸಿರಾಗಿದ್ದರೆ ನಿಯಮ ತೆರವು.

ಕುಮುದಳ ಬೀದಿ ಗರಡಿ ಬೀದಿ. ಚಿಕ್ಕದು, ಮನೆಗಳೂ ಕಡಿಮೆ. ಅವಳ ಅತ್ತೆ ಪುಟ್ಟಗೌರಮ್ಮ ಅಲ್ಲಿನ ಅರ್ಧ ಬೀದಿಗೆ ಡ್ರಿಲ್ಲು ಕಲಿಸಿದ ನಿವೃತ್ತ ಪಿ.ಟಿ. ಟೀಚರು, ಎಲ್ಲರ ಬಾಯಲ್ಲೂ ಪಿ.ಟಿ. ಮೇಡಮ್ಮು. ಸ್ತನದಲ್ಲಿ ಹುಟ್ಟಿದ ಕ್ಯಾನ್ಸರು ಬೆನ್ನುಮೂಳೆಗೆ ಇಳಿದು, ಈಗ ಅವರು ಮಂಚ ಬಿಟ್ಟು ಏಳುವಂತಿರಲಿಲ್ಲ. ಡಾಕ್ಟರು ಇತ್ತೀಚೆಗೆ ಶುರುಮಾಡಿದ್ದ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ನುಂಗಿದರೆ ಸೊಸೆಯನ್ನು ರೇಗಿಸುವಷ್ಟು, ರೇಡಿಯೋದ ಜೊತೆ ಜಗಳವಾಡುವಷ್ಟು ಚೆನ್ನಾಗಿರುತ್ತಿದ್ದರು. ಮಗ ಮಹದೇವ ಸಕ್ಕರೆ ಕಾರ್ಖಾನೆಯ ಶಿಫ್ಟಿಗೆ ಹೋದರೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

ಒಂದು ಬೆಳಿಗ್ಗೆ ಪ್ರಯೋಗಾಲಯದ ಗೋಡೆಯಷ್ಟಗಲದ ಪರದೆಯ ಮೇಲೆ ಗರಡಿ ಬೀದಿ ಕೆಂಪಾಯಿತು. ಯಾಕೆಂದು ಕುಮುದಳಿಗೆ ಆ ಕ್ಷಣವೇ ಹೊಳೆಯಿತು. ಬ್ರೌನ್ ಶುಗರ್ ಮೈಯೊಳಗೆ ಹೋದರೆ ಹೊರಗೆ ಬರುವುದು ಮಾರ್ಫಿನ್ ಆಗಿ. ಮೂಗುತಿ ಹುಡುಕುವುದು ಮಾರ್ಫಿನ್ನನ್ನು. ಅದು ಚಟಗಾರನಿಂದ ಬಂತೋ ಮಂಚದ ಮೇಲಿನ ಮುದುಕಿಯಿಂದ ಬಂತೋ ಅದಕ್ಕೇನು ಗೊತ್ತು? ದೊಡ್ಡ ಬೀದಿಯಲ್ಲಾಗಿದ್ದರೆ ಒಬ್ಬರ ಮಾತ್ರೆ ನೂರಾರು ಜನರ ನಡುವೆ ಕರಗಿಹೋಗುತ್ತಿತ್ತು.

ಅವಳು ನೇರ ನಿರ್ದೇಶಕರ ಕೋಣೆಗೆ ಹೋಗಿ ವಿಷಯ ಹೇಳಿದಳು.

ಶ್ರೀಪಾದರು ಕೆಟ್ಟವರಲ್ಲ. ಕುರ್ಚಿ ತೋರಿಸಿ, ಕಾಫಿ ತರಿಸಿ, ಪೂರ್ತಿ ಕೇಳಿಸಿಕೊಂಡರು. "ಆಸ್ಪತ್ರೆಗೆ ಕರ್ಕೊಂಡು ಹೋಗಿ ನುಂಗಿಸೋಕೆ ಆಗಲ್ವಾ?"

"ಮಗ್ಗುಲು ತಿರುಗಿಸಿದ್ರೆ ಚೀರ್ತಾರೆ ಸಾರ್. ದಿನಕ್ಕೆ ಆರು ಸಲ ಆಟೋದಲ್ಲಿ ಕೂರಿಸ್ಕೊಂಡು ಹೋಗೋದು ಹೇಗೆ?"

"ಹಾಗಾದ್ರೆ ಸ್ವಲ್ಪ ದಿನ ಬೇರೆ ಮಾತ್ರೆ ಕೊಡಿ. ಬೀದಿ ಹಸಿರಾಗಲಿ, ಆಮೇಲೆ ಸಿಗುತ್ತಲ್ಲ."

"ಅವರು ಮಾತ್ರೆ ಬಿಟ್ರೆ ತಾನೆ ಹಸಿರಾಗೋದು? ಹಸಿರಾಯ್ತು ಅಂತ ಮತ್ತೆ ಕೊಟ್ರೆ ಮತ್ತೆ ಕೆಂಪು."

"ನಿಯಮ ಮಾಡೋದು ನಾನಲ್ಲ ಕುಮುದಾ ಅವರೇ" ಎಂದು ಶ್ರೀಪಾದರು ಕಾಫಿ ಲೋಟವನ್ನು ಅವಳ ಕಡೆಗೆ ಸರಿಸಿದರು. ಅವಳು ಕುಡಿಯದೆ ಎದ್ದು ಬಂದಳು.

ಮೂಲೆಯ ಔಷಧದಂಗಡಿಯ ಮೆಹಬೂಬ್ ಪಾಷಾ ಅವಳ ಮುಖ ನೋಡಲಾರದೆ ಗಲ್ಲಾಪೆಟ್ಟಿಗೆ ನೋಡುತ್ತ ಮಾತಾಡಿದ. ಮಾರ್ಫಿನ್ ಇಟ್ಟಿದ್ದ ಕಪಾಟಿಗೆ ತಂಡದವರು ಅರಗಿನ ಮುದ್ರೆ ಒತ್ತಿ ಹೋಗಿದ್ದರು. "ಒಡೆದ್ರೆ ಲೈಸೆನ್ಸ್ ಹೋಗ್ತದೆ ಅಕ್ಕ. ಮಕ್ಕಳ ಹೊಟ್ಟೆ ಮೇಲೆ ಹೊಡೀತಾರೆ" ಎಂದ. ಅವನು ಕೊಟ್ಟ ಬೇರೆ ಮಾತ್ರೆ ತಂದು ಕುಮುದ ಅತ್ತೆಗೆ ನುಂಗಿಸಿದಳು. ಅದು ನೋವಿನ ಹತ್ತಿರವೂ ಸುಳಿಯಲಿಲ್ಲ.

ಆ ದಿನಗಳನ್ನು ಹೇಳದಿರುವುದೇ ಮೇಲು. ಮೈದಾನದ ಆ ತುದಿಗೆ ಕೇಳುವಂತೆ ಕೂಗುತ್ತಿದ್ದ ಹೆಂಗಸು ಬಾಯಿಗೆ ಟವೆಲು ತುರುಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ನೋವು ಕೊಂಚ ಬಿಡುವು ಕೊಟ್ಟಾಗ ಸೊಸೆಯನ್ನು ಕರೆದು, "ಏನೇ, ನಿನ್ನ ಮೂಗುತಿ ಏನಂತದೆ? ಇನ್ನೂ ನನ್ನ ಮ್ಯಾಲೆ ಕೋಪ ಇಳಿದಿಲ್ವಾ?" ಎಂದು ಕೇಳುತ್ತಿದ್ದರು. ಕುಮುದ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅಳುತ್ತಿದ್ದಳು. ತನ್ನ ಕೈಯಿಂದಲೇ ಆದ ಯಂತ್ರ ತನ್ನ ಮನೆಯ ಮುದುಕಿಯ ಬಾಯಿಂದಲೇ ಮಾತ್ರೆ ಕಿತ್ತುಕೊಂಡಿತ್ತು. ಇದನ್ನು ಬೀದಿಯವರಿಗೆ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಹೇಳಬೇಡವೆಂದು ಮಹದೇವನೂ ಅಂದಿದ್ದ. ಬೀದಿಯ ಮರ್ಯಾದೆ ಕಳೆದವರು ಇವರೇ ಎಂದು ಜನ ತಾಯಿಯ ಮೇಲೆ ಬೆರಳು ಮಾಡಿಯಾರು ಎಂಬುದು ಅವನ ಭಯ. ಬೀದಿಯಲ್ಲಂತೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವುದು ಆಗಲೇ ಶುರುವಾಗಿತ್ತು.

ಅಂತೂ ಮೈಯಲ್ಲಿದ್ದ ಮಾರ್ಫಿನ್ ಪೂರ್ತಿ ತೊಳೆದುಹೋಗಿ ದೀಪ ಹಳದಿಯಾಯಿತು, ಶನಿವಾರ ಹಸಿರಾಯಿತು.

ಗರಡಿ ಬೀದಿ ಹುಚ್ಚೆದ್ದು ಕುಣಿಯಿತು. ಬೀದಿ ಸಂಘದ ಅಧ್ಯಕ್ಷ ಕೆಂಪರಾಜಪ್ಪ, ಮುಖ್ಯರಸ್ತೆಯಲ್ಲಿ ಮಿಲಿಟರಿ ಹೋಟೆಲು ನಡೆಸುವವರು, ಭಾನುವಾರ ಇಡೀ ಬೀದಿಗೆ ಊಟ ಎಂದು ಘೋಷಿಸಿದರು. ಶುಭಕಾರ್ಯ ಎಂದು ಮಾಂಸದಡುಗೆ ಬಿಟ್ಟು ಒಬ್ಬಟ್ಟು, ಗಸಗಸೆ ಪಾಯಸ. ಪಾಯಸಕ್ಕೆ ಬೇರೆ ಯಾರನ್ನೂ ಕೈ ಹಾಕಗೊಡಲಿಲ್ಲ. ಗಸಗಸೆ ತೊಳೆದರೆ ಘಮ ಹೋಗುತ್ತದೆ ಎಂಬುದು ಅವರ ಹಟ. ಹಾಗೇ ಹುರಿದು, ತೆಂಗಿನಕಾಯಿಯೊಡನೆ ನುಣ್ಣಗೆ ರುಬ್ಬಿಸಿ, ಬೆಲ್ಲ ಏಲಕ್ಕಿ ಹಾಕಿ, ಕೊಪ್ಪರಿಗೆಯ ತುಂಬ ಗಟ್ಟಿ ಪಾಯಸ ಕುದಿಸಿದರು. ಬೀದಿಯವರು ಲೋಟದ ಮೇಲೆ ಲೋಟ ಇಳಿಸಿ, ಮಧ್ಯಾಹ್ನ ಎಲ್ಲೆಲ್ಲಿ ನೆರಳಿತ್ತೋ ಅಲ್ಲಲ್ಲೇ ಉರುಳಿಕೊಂಡರು.

ಅಷ್ಟು ಹೊತ್ತೂ ಕುಮುದ ಕಿಟಕಿ ಮುಚ್ಚಿಕೊಂಡು ಅತ್ತೆಯ ಕಾಲು ನೀವುತ್ತಿದ್ದಳು. ಇನ್ನಾರು ದಿನ ತಡೆದುಕೊಂಡರೆ ಕಪಾಟಿನ ಮುದ್ರೆ ತೆಗೆಯುತ್ತಾರೆ. ಆಮೇಲಿನದು ಆಮೇಲೆ. ಕೆಂಪರಾಜಪ್ಪನವರೇ ದೊಡ್ಡ ಚೊಂಬಿನಲ್ಲಿ ಪಾಯಸ ಹಿಡಿದು ಬಂದರು.

"ಮೇಡಮ್ಮೋರ್ಗೆ ಅಂತ ಎತ್ತಿಟ್ಟಿದ್ದೆ ಕುಮುದಮ್ಮ." ಒಳಗಿನಿಂದ ಬಂದ ನರಳಾಟಕ್ಕೆ ಅವರ ನಗೆ ಇಂಗಿತು. "ಇದೇನವ್ವ, ಇಷ್ಟು ನೋವಾ? ಗುಳಿಗೆ ಗಿಳಿಗೆ ಕೊಟ್ಟಿಲ್ವಾ?"

"ಕೊಟ್ಟಿದ್ದೀನಿ, ಈಗ ಕಡಿಮೆ ಆಗುತ್ತೆ" ಎಂದು ಕುಮುದ ಸುಳ್ಳು ಹೇಳಿ ಚೊಂಬು ಇಸಿದುಕೊಂಡಳು.

ಸೋಮವಾರ ಪರದೆಯ ಮೇಲೆ ಗರಡಿ ಬೀದಿ ಮತ್ತೆ ಕೆಂಪಾಗಿತ್ತು, ಹಿಂದಿನದಕ್ಕಿಂತಲೂ ಗಾಢವಾಗಿ.

ಕುಮುದ ಕಣ್ಣು ಹೊಸಕಿಕೊಂಡಳು. ಅತ್ತೆಯ ಹೊಟ್ಟೆಗೆ ಒಂದು ಚೂರು ಮಾರ್ಫಿನ್ ಹೋಗಿಲ್ಲ ಎಂಬುದಕ್ಕೆ ಅವಳಿಗಿಂತ ಸಾಕ್ಷಿ ಬೇಕೆ? ಹಾಗಿದ್ದರೆ ಇದು ಎಲ್ಲಿಯದು? ತಾನೇ ಕೆಲಸಗಾರರೊಡನೆ ಹೋಗಿ ಮುಚ್ಚಳ ತೆಗೆಸಿ ಬಾಟಲಿಯಲ್ಲಿ ನೀರು ಹಿಡಿದು ತಂದಳು. ಪ್ರಯೋಗಾಲಯದ ದೊಡ್ಡ ಯಂತ್ರ ಮೂಗುತಿಯಂತೆ ಬೀಗ ಇಟ್ಟುಕೊಂಡು ಕಾಯುವುದಿಲ್ಲ. ನೀರಿನಲ್ಲಿರುವ ಒಂದೊಂದು ವಸ್ತುವನ್ನೂ ಬಿಡಿಬಿಡಿಯಾಗಿ ಒಡೆದು ತೂಗಿ ಹೇಳುತ್ತದೆ. ಅದರಲ್ಲಿ ಮಾರ್ಫಿನ್ ಪಕ್ಕದಲ್ಲೇ ಇನ್ನೊಂದು ಗೆರೆ ಎದ್ದು ನಿಂತಿತ್ತು: ಥೀಬೇನ್. ಅದು ಅತ್ತೆಯ ಮಾತ್ರೆಯಲ್ಲಿ ಇರುವುದಿಲ್ಲ. ಇರುವುದು ಅಫೀಮಿನ ಗಿಡದ ಹಾಲಿನಲ್ಲಿ. ಆ ಗಿಡದ ಕಾಯಿಯೊಳಗಿನ ಬೀಜವನ್ನೇ ಅಲ್ಲವೇ ನಾವು ಗಸಗಸೆ ಎಂದು ಅಂಗಡಿಯಿಂದ ತರುವುದು! ಬೀಜಕ್ಕೆ ಮತ್ತಿಲ್ಲ, ಆದರೆ ಕಾಯಿಯ ಹಾಲು ಒಂದಿಷ್ಟು ಅದರ ಮೈಗೆ ಮೆತ್ತಿಕೊಂಡು ಬಂದಿರುತ್ತದೆ. ಕೆಂಪರಾಜಪ್ಪನವರು ಅದನ್ನು ತೊಳೆದೂ ಇರಲಿಲ್ಲ.

ಕುಮುದಳಿಗೆ ನಗು ಬಂತು. ಹಿಂದೆಯೇ ಸಿಟ್ಟೂ ಬಂತು. ಆಷಾಢದಲ್ಲಿ ಈ ಊರಲ್ಲಿ ಯಾರ ಮದುವೆ? ಯಾವ ಗೃಹಪ್ರವೇಶ? ಯಾರ ಮನೆಯಲ್ಲಿ ಗಸಗಸೆ ಪಾಯಸ? ಊರೆಲ್ಲ ಬರೀ ಸಾರು ಅನ್ನ ಉಂಡ ತಿಂಗಳಲ್ಲಿ ಗೆರೆ ಎಳೆದು, ಊರೆಲ್ಲ ಹೋಳಿಗೆ ಪಾಯಸ ಉಣ್ಣುವ ತಿಂಗಳುಗಳಲ್ಲಿ ದೀಪ ಹಚ್ಚಿದ್ದರು. ಕಲ್ಯಾಣಮಂಟಪಗಳ ಬೀದಿಗಳೆಲ್ಲ ಲಗ್ನದ ಮಾರನೆಯ ದಿನ ಕೆಂಪಾಗುತ್ತಿದ್ದುದಕ್ಕೆ ಗಂಡಿನ ಕಡೆಯ ಪಡ್ಡೆಗಳನ್ನು ಎಳೆದೊಯ್ದು ಬಡಿದಿದ್ದರಲ್ಲ! ಪಾಯಸ ಕುಡಿದದ್ದಕ್ಕೆ ಲಾಠಿ ಏಟು!

ಶ್ರೀಪಾದರು ದೊಡ್ಡ ಯಂತ್ರದ ಗೆರೆಗಳನ್ನು ನೋಡಿದ್ದೇ ಎಲ್ಲವನ್ನೂ ಗ್ರಹಿಸಿದರು. ಜಾಣರು.

"ಥೀಬೇನ್‌ಗೂ ಒಂದು ಬೀಗ ಸೇರಿಸೋಣ" ಎಂದರು. "ಗಸಗಸೆಯ ಪಾಲನ್ನ ಕಳೆದುಬಿಟ್ರೆ ಆಯ್ತು. ಮುಂದಿನ ವರ್ಷ ಹೊಸ ಮೂಗುತಿ ತರೋಣ."

"ಅಲ್ಲೀವರೆಗೆ ದೀಪ ಆರಿಸ್ತೀರಾ ಸಾರ್?"

"ಹೇಗೆ ಆರಿಸೋದು? ಬೇರೆ ಊರುಗಳಿಂದ ನೋಡೋಕೆ ಬರ್ತಿದ್ದಾರೆ. ಪಾಯಸಕ್ಕೆ ಮೋಸ ಹೋದ್ವಿ ಅಂತ ಹೇಳ್ಲಾ ಅವರಿಗೆ?"

"ಹೇಳಿ. ಅದೇ ಸತ್ಯ."

"ಕುಮುದಾ ಅವರೇ, ನಿಮ್ಮ ಸಂಕಟ ಅರ್ಥ ಆಗುತ್ತೆ. ಸ್ವಲ್ಪ ತಾಳ್ಮೆ ಇರಲಿ. ಹೊಸ ಬೀಗ ಬಂದ ಮೇಲೆ ಎಲ್ಲಾ ಸರಿಹೋಗುತ್ತೆ."

ಅವಳಿಗೆ ಅಲ್ಲಿಯವರೆಗೂ ಹೊಳೆಯದಿದ್ದ ಮಾತು ಆಗ ಬಾಯಿಗೆ ಬಂತು. "ಏನು ಸರಿಹೋಗೋದು ಸಾರ್? ಗಸಗಸೆ ತಿಂದವರನ್ನೆಲ್ಲ ನೀವು ಕಳೆದುಬಿಟ್ರೆ ಮಿಕ್ಕೋರು ನಮ್ಮತ್ತೆ ಒಬ್ಬರೇ. ಆಗ ನಿಮ್ಮ ದೀಪ ನೇರ ಅವರ ಮಂಚಕ್ಕೇ ಬೀಳುತ್ತೆ."

ಶ್ರೀಪಾದರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಈ ವಿಷಯ ಈ ಕೋಣೆ ಬಿಟ್ಟು ಹೊರಗೆ ಹೋದ್ರೆ ನಿಮ್ಮ ನೌಕರಿ ಉಳಿಸೋಕೆ ನನ್ನ ಕೈಲಿ ಆಗಲ್ಲ. ನೆನಪಿರಲಿ."

"ನೆನಪಿರುತ್ತೆ" ಎಂದಳು ಕುಮುದ.

ಸಂಜೆ ಗರಡಿಯ ಅಂಗಳದಲ್ಲಿ ಬೀದಿ ಸಂಘದ ಸಭೆ ಸೇರಿತ್ತು. ಕೆಂಪರಾಜಪ್ಪ ಕೆಂಡವಾಗಿದ್ದರು. "ನನ್ನ ಪಾಯಸ ಉಂಡು, ನನ್ನ ಬೀದೀಲೇ ಪುಡಿ ಎಳೆದವ್ನು ಯಾವನ್ಲಾ ಅದು? ಈಗ್ಲೇ ಒಪ್ಪಿಕೊಂಡ್ರೆ ಕೈಕಾಲು ಉಳೀತವೆ!" ಎಂದು ಕೂಗುತ್ತಿದ್ದರು. ತಾಯಂದಿರು ತಮ್ಮ ತಮ್ಮ ಗಂಡುಮಕ್ಕಳನ್ನು ಹಿಂದೆ ಸರಿಸಿಕೊಂಡು ನಿಂತಿದ್ದರು. ಕುಮುದ ನಡುವೆ ಬಂದು ನಿಂತಳು.

"ಪುಡಿ ಯಾರೂ ಎಳೆದಿಲ್ಲ ಕೆಂಪರಾಜಣ್ಣ. ನಿಮ್ಮ ಪಾಯಸವೇ ದೀಪ ಕೆಂಪು ಮಾಡಿದ್ದು."

ಮೊದಲು ಎಲ್ಲರೂ ನಕ್ಕರು. ಅವಳು ಗಸಗಸೆಯ ಸಂಗತಿ ಬಿಡಿಸಿ ಹೇಳಿದಳು, ಆಷಾಢದ ಗೆರೆಯನ್ನು ಹೇಳಿದಳು. ನಗು ನಿಂತಿತು. ಆಮೇಲೆ, ತಡೆದು ತಡೆದು, ಮೊದಲ ಸಲ ದೀಪ ಕೆಂಪಾದದ್ದು ಯಾಕೆಂದೂ ಹೇಳಿದಳು. ಅತ್ತೆಯ ಮಾತ್ರೆ, ಪಾಷಾನ ಕಪಾಟಿನ ಮುದ್ರೆ, ಬಾಯಿಗೆ ತುರುಕಿಕೊಳ್ಳುವ ಟವೆಲು, ಎಲ್ಲವನ್ನೂ. "ನಿಮ್ಮೆಲ್ಲರ ಮರ್ಯಾದೆ ಹೋಗಿದ್ದು ನಮ್ಮನೆಯಿಂದ. ಮೂಗುತಿ ಮಾಡಿದ್ದೂ ನಾನೇ. ಬೈಯೋದಿದ್ರೆ ನನ್ನ ಬೈಯಿರಿ, ಅವರನ್ನ ಬೇಡ."

ಯಾರೂ ಬೈಯಲಿಲ್ಲ. ಬೀದಿಯ ಅರ್ಧ ಜನ ಮೇಡಮ್ಮಿನ ಮುಂದೆ ಮೊಣಕಾಲೆತ್ತಿ ಓಡಿದವರು, ಬಿದ್ದು ತರಚಿದ ಮಂಡಿಗೆ ಅವರ ಕೈಯಿಂದಲೇ ಟಿಂಚರು ಹಚ್ಚಿಸಿಕೊಂಡವರು. ಕೆಂಪರಾಜಪ್ಪ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ನಾವು ಪಾಯಸ ಕುಡಿಯೋವಾಗ ಮೇಡಮ್ಮೋರು ಒಳಗೆ ಹಲ್ಲು ಕಚ್ಕಂಡು ಮಲಗಿದ್ರಾ?" ಎಂದರು. "ನನ್ನ ಪಾಯಸದಿಂದ ಅವರಿಗೆ ಇನ್ನೊಂದು ವಾರ ಈ ನರಕನಾ?"

"ಹೌದು" ಎಂದಳು ಕುಮುದ. ಅವಳಿಗೆ ಮುಲಾಜು ಉಳಿದಿರಲಿಲ್ಲ.

ಕೆಂಪರಾಜಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು ಎದ್ದರು. ದೀಪದ ಕಂಬವನ್ನೊಮ್ಮೆ ದುರುಗುಟ್ಟಿ ನೋಡಿದರು. "ಒಂದು ಕೊಪ್ಪರಿಗೆಗೆ ಒಂದು ಬೀದಿ ಕೆಂಪು ಆಯ್ತದೆ ಅಂದ್ರೆ, ಊರಿಗೆಲ್ಲ ಎಷ್ಟು ಕೊಪ್ಪರಿಗೆ ಬೇಕಾಗ್ಬೋದು ಕುಮುದಮ್ಮ?"

ಆ ಪ್ರಶ್ನೆಗೆ ಜನ ಅವರ ಸುತ್ತ ಒತ್ತಿ ಬಂದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ಮಾರನೆಯ ದಿನ ಕುಮುದ ಪ್ರಯೋಗಾಲಯದ ಗೇಟಿನ ಹೊರಗೆ ನಿಂತು, ತನ್ನ ಹೆಸರು ಹುದ್ದೆ ಹೇಳಿ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತ ಮಾತಾಡಿದಳು. ದೀಪ ಯಾಕೆ ಸುಳ್ಳು ಹೇಳುತ್ತಿದೆ, ಸತ್ಯ ಹೇಳಿದಾಗಲೂ ಅದರಿಂದ ಸಾಯುತ್ತಿರುವವರು ಯಾರು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. "ಈ ಭಾನುವಾರ ನಿಮ್ಮ ಮನೇಲಿ ಗಸಗಸೆ ಪಾಯಸ ಮಾಡಿ. ತೊಳೀಬೇಡಿ. ಊರಿನ ಒಂದು ಬೀದಿಯೂ ಹಸಿರು ಉಳೀಬಾರದು" ಎಂದು ಮುಗಿಸಿದಳು. ಮಧ್ಯಾಹ್ನದ ಹೊತ್ತಿಗೆ ಅದು ಊರಿನ 'ವಾಟ್ಸಾಪ್' ಗುಂಪುಗಳಲ್ಲೆಲ್ಲ ಓಡಾಡಿತು. ಸಂಜೆಯ ಹೊತ್ತಿಗೆ ಅವಳ ಅಮಾನತಿನ ಆದೇಶ ಬಂತು. ಮಹದೇವ ಅದನ್ನು ಎರಡು ಸಲ ಓದಿ, ಮಡಿಸಿ ಟಿ.ವಿ. ಮೇಲಿಟ್ಟು, ಚೀಲ ಹಿಡಿದು ಗಸಗಸೆ ತರಲು ಹೊರಟ. ಅಂಜುಬುರುಕ ಎಂದು ಇಷ್ಟು ವರ್ಷ ಅವನನ್ನು ಹಂಗಿಸಿದ್ದಕ್ಕೆ ಕುಮುದಳಿಗೆ ಪಿಚ್ಚೆನಿಸಿತು.

ಆ ವಾರ ಅಂಗಡಿಗಳಲ್ಲಿ ಗಸಗಸೆ ಮುಗಿದು ಪಕ್ಕದ ಊರಿಂದ ತರಿಸಿದರು. ಗಸಗಸೆ ಮಾರಬಾರದೆಂದು ಆದೇಶ ಹೊರಡಿಸುತ್ತಾರಂತೆ ಎಂಬ ಸುದ್ದಿ ಹಬ್ಬಿ, ಪಾಯಸ ಮಾಡುವ ಮನಸ್ಸಿಲ್ಲದವರೂ ಹಟಕ್ಕೆ ಬಿದ್ದು ಕೊಂಡರು. ಮಗಳ ಸಂಬಂಧ ಕೆಂಪು ದೀಪದಿಂದ ಮುರಿದುಬಿದ್ದ ತಾಯಿ, ಲಗ್ನದ ಮಾರನೆಯ ದಿನ ಏಟು ತಿಂದ ಹುಡುಗ, ಸಾಹೇಬರ ಬಡಾವಣೆಯಲ್ಲಿ ಅಡುಗೆ ಮಾಡುವ ಹೆಂಗಸು, ಎಲ್ಲರಿಗೂ ಆ ದೀಪದ ಮೇಲೆ ತೀರಿಸಿಕೊಳ್ಳುವುದೊಂದಿತ್ತು. ಭಾನುವಾರ ಶಿಂಷಾಪುರದ ಯಾವ ಸಂದಿಗೆ ಹೋದರೂ ಹುರಿದ ಗಸಗಸೆಯ ಘಮ. ಮಧ್ಯಾಹ್ನ ಊರಿಗೆ ಊರೇ ಸುಖವಾಗಿ ನಿದ್ದೆ ಹೊಡೆಯಿತು. ಗರಡಿ ಬೀದಿಯ ಒಂದು ಮನೆಯಲ್ಲಿ ಮಾತ್ರ ನಿದ್ದೆಯಿರಲಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲ ದೀಪಗಳೂ ಕೆಂಪು. ತರಕಾರಿ ಮಾರುಕಟ್ಟೆಯ ಬೀದಿ, ವಕೀಲರ ಬೀದಿ, ಮಸೀದಿ ಬೀದಿ, ಬ್ರಾಹ್ಮಣರ ಬೀದಿ, ಪೊಲೀಸ್ ಕ್ವಾರ್ಟರ್ಸು, ನಿರ್ದೇಶಕರು ವಾಸವಿರುವ ಬಡಾವಣೆ. ಎಲ್ಲ ಬೀದಿಗಳ ತುದಿಯಲ್ಲೂ ಕಾವಲು ನಿಲ್ಲಿಸುವಷ್ಟು ಪೇದೆಗಳು ಊರಿನಲ್ಲಿರಲಿಲ್ಲ. ನೋವಿನ ಮಾತ್ರೆಯ ರೋಗಿಗಳೆಲ್ಲ ಸಿಬ್ಬಂದಿಯೆದುರು ನುಂಗಲು ಬಂದರೆ ನಿಲ್ಲಿಸುವುದು ಎಲ್ಲಿ ಎಂದು ಆಸ್ಪತ್ರೆಯವರು ತಲೆ ಮೇಲೆ ಕೈ ಹೊತ್ತರು. ಒಂದೆರಡು ಮನೆಯವರಂತೂ ಗರಡಿ ಬೀದಿಯ ಸುದ್ದಿ ಕೇಳಿದ ಮೇಲೆ, ತಮ್ಮಲ್ಲೂ ಇಂಥ ಮುದುಕರಿದ್ದಾರೆ ಎಂದು ಮೊದಲ ಸಲ ಬಾಯಿಬಿಟ್ಟರು.

ಊರೆಲ್ಲ ಕೆಂಪಾದ ಮೇಲೆ ಯಾರ ಲೈಸೆನ್ಸ್ ಅಂತ ಕಿತ್ತುಕೊಳ್ಳುತ್ತಾರೆ ಎಂದು ಮೆಹಬೂಬ್ ಪಾಷಾ ಅಂಗಡಿಯ ಬಾಗಿಲೆತ್ತಿ, ಕಪಾಟಿನ ಮುಂದೆ ನಿಂತು, ಕತ್ತರಿ ತೆಗೆದುಕೊಂಡು ಅರಗಿನ ಮುದ್ರೆಯನ್ನು ಎತ್ತಿ ಒಗೆದ. ಮಾತ್ರೆಯ ಪಟ್ಟಿಯನ್ನು ಜೇಬಿಗೆ ಹಾಕಿಕೊಳ್ಳದೆ, ಎಲ್ಲರಿಗೂ ಕಾಣುವಂತೆ ಅಂಗೈಯಲ್ಲಿ ಹಿಡಿದು ನಡುಬೀದಿಯಲ್ಲಿ ನಡೆದು ಬಂದ. ಅವನ ಹಿಂದೆ ಒಬ್ಬೊಬ್ಬರೇ ಸೇರಿಕೊಂಡರು. ಬೀದಿಗೆ ಹಾಕಿದ್ದ ಪೇದೆಯೂ ಏನು ಮಾಡಬೇಕೆಂದು ತೋಚದೆ ಅವರ ಜೊತೆಗೇ ಬಂದ.

"ನನ್ನನ್ನ ಹೊರಗೆ ಎತ್ಕಂಡು ಹೋಗಿ" ಎಂದರು ಪುಟ್ಟಗೌರಮ್ಮ. ಮಹದೇವ, ಕೆಂಪರಾಜಪ್ಪ, ಇನ್ನಿಬ್ಬರು ಮಂಚವನ್ನೇ ಎತ್ತಿ ಜಗಲಿಗೆ ತಂದಿಟ್ಟರು. ಎತ್ತುವಾಗ ಮುದುಕಿ ತುಟಿ ಕಚ್ಚಿದ್ದಕ್ಕೆ ರಕ್ತ ಬಂತು, ಆದರೆ ಕೂಗಲಿಲ್ಲ.

ಪೇದೆ ಟೋಪಿ ಸರಿಮಾಡಿಕೊಂಡು ಮುಂದೆ ಬಂದ. "ಅಮ್ಮ, ತಪ್ಪು ತಿಳೀಬೇಡಿ. ಇದನ್ನ ಸರ್ಕಾರದ ಸಿಬ್ಬಂದಿ ಎದುರಿಗೆ ನುಂಗ್ಬೇಕು ಅಂತ ರೂಲ್ಸು ಐತೆ..."

ಪುಟ್ಟಗೌರಮ್ಮ ಅವನನ್ನು ಮೇಲಿಂದ ಕೆಳಗೆ ಅಳೆದು ನೋಡಿದರು. "ನೀನು ಸರ್ಕಾರ ಅಲ್ವೇನಪ್ಪ? ಕುಮುದ, ಇವನಿಗೊಂದು ಕುರ್ಚಿ ಹಾಕು. ಹೊಟ್ಟೆ ಒಳಕ್ಕೆ ಎಳಕೊಂಡು ನೆಟ್ಟಗೆ ಕೂತ್ಕೊಂಡು ನೋಡು. ನಾಲ್ಕು ಗಂಟೆಗೊಂದ್ಸಲ ನುಂಗ್ತೀನಿ, ತಪ್ಪಿಸ್ದೆ ಬಾ."

ಪೇದೆ ನಿಜವಾಗಿಯೂ ಕೂತ, ನೆಟ್ಟಗೆ. ಕುಮುದ ಮಾತ್ರೆ ಬಿಡಿಸಿ ಅತ್ತೆಯ ನಾಲಿಗೆಯ ಮೇಲಿಟ್ಟು ನೀರು ಕುಡಿಸಿದಳು. ಇಡೀ ಬೀದಿ ಕತ್ತು ಚಾಚಿ ಒಂದು ಮಾತ್ರೆ ಗಂಟಲಲ್ಲಿ ಇಳಿಯುವುದನ್ನು ನೋಡಿತು. ಕೆಂಪರಾಜಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಅರ್ಧ ಗಂಟೆ ಕಳೆದಿರಬಹುದು, ಕುಮುದಳ ಫೋನು ಬಡಿದುಕೊಂಡಿತು. ಶ್ರೀಪಾದರು. ದನಿಯಲ್ಲಿ ವೇದಿಕೆಯ ಗತ್ತು ಇರಲಿಲ್ಲ.

"ದೀಪಗಳನ್ನೆಲ್ಲ ಇವತ್ತೇ ಆರಿಸ್ತಾರೆ ಕುಮುದಾ ಅವರೇ, ಮೇಲಿನವರು ಒಪ್ಪಿದ್ದಾರೆ. ನಿಮ್ಮ ಅಮಾನತಿನ ಬಗ್ಗೇನೂ ಮಾತಾಡೋಣ. ಮೂಗುತಿ ಒಳಗಡೆ ಸುಮ್ನೆ ಇರಲಿ, ಯಾರಿಗೂ ತೊಂದರೆ ಕೊಡಲ್ಲ. ನಿಮ್ಮ ಜನಕ್ಕೆ ಇನ್ನು ಸಾಕು ಅಂತ ಹೇಳಿ."

"ಒಳಗೆ ಸುಮ್ನೆ ಇರೋಕೆ ನಾನು ಅದನ್ನ ಮಾಡಿಲ್ಲ ಸಾರ್, ಅದು ಎಣಿಸ್ತಾನೇ ಇರುತ್ತೆ. ಒಂದೂ ಬಿಡದ ಹಾಗೆ ಬಿಚ್ಚಿಸಿ. ಹಳೇ ಹಾಗೆ ದೊಡ್ಡ ಕೊಳವೆಯಿಂದ ನೀರು ಹಿಡಿದು ನೋಡೋಕೆ ನಾನು ನಾಳೆಯೇ ಬರ್ತೀನಿ. ಬಿಚ್ಚೋವರೆಗೂ ಈ ಊರಲ್ಲಿ ಪಾಯಸದ ಒಲೆ ಆರಲ್ಲ."

ಅವರ ಉತ್ತರಕ್ಕೆ ಕಾಯದೆ ಅವಳು ಫೋನು ಇಟ್ಟಳು. ಕೆಂಪರಾಜಪ್ಪ ಮೂಗು ಒರೆಸಿಕೊಂಡು, ಇನ್ನೊಂದು ಮೂಟೆ ಗಸಗಸೆಗೆ ಹೇಳಿಬಿಡಲಾ ಎಂದು ಏರುದನಿಯಲ್ಲಿ ಕೇಳಿದರು. ಎಲ್ಲರೂ ಸೇರಿ ಅವರ ಬಾಯಿ ಮುಚ್ಚಿಸಿದರು. ಮಂಚದ ಮೇಲೆ, ಇಷ್ಟೂ ದಿನ ಬಿಗಿದುಕೊಂಡಿದ್ದ ಮುಖ ಸಡಿಲಗೊಂಡು, ಪುಟ್ಟಗೌರಮ್ಮ ಮೈದಾನಕ್ಕೆಲ್ಲ ಕೇಳುವಂಥ ಗೊರಕೆ ಹೊಡೆಯುತ್ತಿದ್ದರು. ಕುಮುದ ಜಗಲಿಯ ಮೆಟ್ಟಿಲ ಮೇಲೆ ಕೂತು ಅದನ್ನು ಕಿವಿತುಂಬ ಕೇಳಿದಳು.